ಕಾವೇರಿ ನಿಸರ್ಗಧಾಮ

ಕಾವೇರಿ ನಿಸರ್ಗಧಾಮವು ಕೊಡಗು ಜಿಲ್ಲೆಯ ಕುಶಾಲನಗರದ ಸಮೀಪ, ಕಾವೇರಿ ನದಿಯ ನಡುವೆ ಇರುವ ದ್ವೀಪ ಹಾಗೂ ಸಾರ್ವಜನಿಕ ವಿಹಾರತಾಣ. ಸುಮಾರು 64 ಎಕರೆ ವಿಸ್ತಾರದ ಈ ತಾಣವನ್ನು ಕರ್ನಾಟಕ ಅರಣ್ಯ ಇಲಾಖೆಯು ನಿರ್ವಹಿಸುತ್ತದೆ. ಇದು ಮಡಿಕೇರಿಯಿಂದ ಸುಮಾರು 30 ಕಿ.ಮೀ. ದೂರದಲ್ಲಿ, ಕುಶಾಲನಗರಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲಿದೆ.

ನಡಿಗೆಯ ದಾರಿ

ಹೆದ್ದಾರಿಯ ಬದಿಯಿಂದ ನದಿಯ ಮೇಲಿನ ತೂಗುಸೇತುವೆಯನ್ನು ದಾಟಿ ದ್ವೀಪವನ್ನು ಪ್ರವೇಶಿಸಲಾಗುತ್ತದೆ. ಅಲ್ಲಿಂದ ಕಾಲುದಾರಿಯು ಬಿದಿರಿನ ಮೆಳೆಗಳ ನೆರಳಿನಲ್ಲಿ ಸಾಗುತ್ತದೆ. ತೇಗ ಮತ್ತು ಶ್ರೀಗಂಧದ ಮರಗಳೂ ಇಲ್ಲಿವೆ. ಕಡಿದಾದ ಏರಿಳಿತಗಳಿಲ್ಲದ ಕಾರಣ ಮಕ್ಕಳು ಮತ್ತು ಹಿರಿಯರು ಸುಲಭವಾಗಿ ನಡೆಯಬಹುದು. ಜಿಂಕೆವನ ಹಾಗೂ ಮಕ್ಕಳ ಆಟದ ಸ್ಥಳ ದ್ವೀಪದೊಳಗೇ ಇವೆ.

ಮಳೆಗಾಲ ಮತ್ತು ಸುರಕ್ಷತೆ

ತಲಕಾವೇರಿಯಲ್ಲಿ ಹುಟ್ಟುವ ನದಿಯು ಪಶ್ಚಿಮ ಘಟ್ಟದ ಮಳೆನೀರನ್ನು ಹೊತ್ತು ಇಲ್ಲಿಗೆ ಬರುತ್ತದೆ. ಆದ್ದರಿಂದ ಭಾಗಮಂಡಲದ ಸುತ್ತ ಭಾರೀ ಮಳೆಯಾದರೆ, ಕುಶಾಲನಗರದಲ್ಲಿ ಮಳೆ ಇಲ್ಲದಿದ್ದರೂ ನೀರಿನ ಮಟ್ಟ ಏರಬಹುದು. ಪ್ರವಾಹದ ಸಂದರ್ಭದಲ್ಲಿ ನಿಸರ್ಗಧಾಮಕ್ಕೆ ಪ್ರವಾಸಿಗರ ಪ್ರವೇಶವನ್ನು ನಿಲ್ಲಿಸಲಾಗುತ್ತದೆ. ಬೇಸಿಗೆಯಲ್ಲಿ ನದಿಯು ಶಾಂತವಾಗಿ ಕಂಡರೂ ಬಂಡೆಗಳು ಜಾರುತ್ತವೆ ಮತ್ತು ಕೆಲವೆಡೆ ಆಳ ತಿಳಿಯುವುದಿಲ್ಲ. ಹೀಗಾಗಿ ಮಕ್ಕಳನ್ನು ನೀರಿನ ಅಂಚಿನಲ್ಲಿ ಒಂಟಿಯಾಗಿ ಬಿಡುವುದು ಅಪಾಯಕರ.