ಒಂದು ಸಾಲಿನ ಗುಣಾಕಾರ

ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಜಾತ್ರೆ. ಏಳು ನಂದಿಧ್ವಜಗಳು ಊರಲ್ಲೆಲ್ಲ ಹರಡಿರುವ 68 ಲಿಂಗಗಳ ದರ್ಶನಕ್ಕೆ ಮೆರವಣಿಗೆ ಹೊರಡುತ್ತವೆ. 12ನೆಯ ಶತಮಾನದ ಶರಣ ಸಿದ್ಧರಾಮ ಸ್ಥಾಪಿಸಿದ ಲಿಂಗಗಳೆಂದು ಜನ ಅವನ್ನು ಪೂಜಿಸುತ್ತಾರೆ. ಒಬ್ಬ ಭಕ್ತ ಊರು ಸುತ್ತಿ ಬಂದು, ಯಾವ ಲಿಂಗದ ದರ್ಶನವಾಯಿತು, ಯಾವುದು ಆಗಲಿಲ್ಲ ಎಂದು ಒಂದು ಪಟ್ಟಿ ಬರೆದನೆನ್ನೋಣ. ಅಂಥ ಪಟ್ಟಿ ಎಷ್ಟು ಬಗೆಯಲ್ಲಿ ಇರಬಹುದು? 2ನ್ನು 68 ಸಲ ಗುಣಿಸಿದರೆ ಉತ್ತರ ಸಿಗುತ್ತದೆ. ಅದು 21 ಅಂಕಿಗಳ ಸಂಖ್ಯೆ. ಸೆಕೆಂಡಿಗೆ ಒಂದು ಪಟ್ಟಿಯಂತೆ ಬರೆಯುತ್ತ ಹೋದರೂ, ವಿಶ್ವ ಹುಟ್ಟಿ ಕಳೆದ 1,380 ಕೋಟಿ ವರ್ಷಗಳಂಥ ಕಾಲ ಆರುನೂರು ಸಲಕ್ಕಿಂತ ಹೆಚ್ಚು ಉರುಳಬೇಕು.

ಅದು ಬರೀ 68ರ ಮಾತು. ಲಿನಕ್ಸ್ ಕರ್ನಲ್ಲನ್ನು ಅದರ ಮೂಲ ಕೋಡಿನಿಂದ ಕಟ್ಟಲು ಕೂತವರ ಎದುರು ತೆರೆದುಕೊಳ್ಳುವ ಪಟ್ಟಿಯಲ್ಲಿ, 2017ರ 4.13ನೆಯ ಆವೃತ್ತಿಯ ವೇಳೆಗೇ, ಎಕ್ಸ್86-64 ಎಂಬ ಒಂದೇ ಪ್ರೊಸೆಸರ್ ಕುಟುಂಬಕ್ಕೆ 9,000ಕ್ಕೂ ಹೆಚ್ಚು ಆಯ್ಕೆಗಳಿದ್ದವು. ಹೆಚ್ಚಿನವಕ್ಕೆ ಉತ್ತರ 'ಬೇಕು' ಇಲ್ಲವೇ 'ಬೇಡ'. ಸಾವಿರಾರು ಆಯ್ಕೆಗಳಿಗೆ ಮೂರನೆಯ ಉತ್ತರವೂ ಉಂಟು: 'ಈಗ ಒಳಗೆ ಸೇರಿಸಬೇಡ, ಮಾಡ್ಯೂಲ್ ಆಗಿ ಪಕ್ಕದಲ್ಲಿಡು, ಬೇಕಾದಾಗ ಕರೆಯುತ್ತೇನೆ.' ಎಲ್ಲಕ್ಕೂ ಎರಡೇ ಉತ್ತರ ಎಂದುಕೊಂಡರೂ ಒಟ್ಟು ಜೋಡಣೆಗಳನ್ನು ಬರೆಯಲು 2,710 ಅಂಕಿ ಬೇಕು. ಒಂದನ್ನು ಆರಿಸಿದರೆ ಇನ್ನೊಂದು ತಾನೇ ಬರುವುದು, ಇನ್ನೊಂದನ್ನು ಆರಿಸಲು ಆಗದೇ ಹೋಗುವುದು ಇದ್ದೇ ಇರುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಚಿಕ್ಕದು. ಆದರೆ ನಮಗೆ ಕಾಣುವ ವಿಶ್ವದ ಪರಮಾಣುಗಳನ್ನೆಲ್ಲ ಎಣಿಸಿದರೆ ಸಿಗುವುದು 1ರ ಮುಂದೆ ಸುಮಾರು 80 ಸೊನ್ನೆ. ಒಂದಕ್ಕೊಂದು ಸಂಬಂಧವಿಲ್ಲದ 266 ಬೇಕು-ಬೇಡಗಳು ಸಾಕು, ಆ ಎಣಿಕೆಯನ್ನು ದಾಟಲು.

ಕರ್ನಲ್ ಎಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳು. ಯಂತ್ರಾಂಶದೊಡನೆ ನೇರವಾಗಿ ಮಾತಾಡುವುದು ಅದೊಂದೇ. ಯಾವ ಕೆಲಸಕ್ಕೆ ಪ್ರೊಸೆಸರ್ ಎಷ್ಟು ಹೊತ್ತು, ಯಾರಿಗೆ ಎಷ್ಟು ಮೆಮರಿ ಎಂಬುದೆಲ್ಲ ಅದರ ತೀರ್ಮಾನ. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಹೊರಬಿಟ್ಟ ಮೊದಲ ಲಿನಕ್ಸ್ ಸುಮಾರು 10,000 ಸಾಲುಗಳದು. ಈಗ ಅದು 4 ಕೋಟಿ ಸಾಲಿನ ಆಸುಪಾಸಿನಲ್ಲಿದೆ. ಸೊಲ್ಲಾಪುರದ ಹತ್ತಿರದ ಅಕ್ಕಲಕೋಟದ ಬಸ್ ನಿಲ್ದಾಣದಲ್ಲಿ ಜನರ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳಲ್ಲಿ ಓಡುತ್ತಿರುವುದೂ ಅದೇ, 2017ರ ನವೆಂಬರಿನಿಂದ ಜಗತ್ತಿನ ಅತಿವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ ಒಂದನ್ನೂ ಬಿಡದೆ ಎಲ್ಲದರಲ್ಲಿ ಓಡುತ್ತಿರುವುದೂ ಅದೇ. ಒಂದೇ ಮೂಲ ಇಷ್ಟು ಬೇರೆ ಬೇರೆ ಮೈಗಳಿಗೆ ಒಗ್ಗುವುದು ಕಟ್ಟುವ ಮೊದಲು ತುಂಬುವ ಆ ಪಟ್ಟಿಯಿಂದ.

ಬೇಕು-ಬೇಡಗಳನ್ನು ಪೋಣಿಸಿ ಒಂದು ರೂಪ ತೆಗೆಯುವುದು ಸೊಲ್ಲಾಪುರಕ್ಕೆ ಚೆನ್ನಾಗಿ ಗೊತ್ತು. ಇಲ್ಲಿನ ಚಾದರಿನ ಮೇಲೆ ಹೂವು, ನವಿಲು ಮೂಡುವುದು ಜಕಾರ್ಡ್ ಮಗ್ಗದಲ್ಲಿ. ಕಾರ್ಡಿನಲ್ಲಿ ತೂತಿದ್ದ ಕಡೆ ಹಾಸಿನ ನೂಲು ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಈ ಸಾಧನವನ್ನು ಜೋಸೆಫ್ ಮರಿ ಜಕಾರ್ಡ್ ಫ್ರಾನ್ಸಿನಲ್ಲಿ ರೂಪಿಸಿದ್ದು 1804ರ ಸುಮಾರಿಗೆ. 1839ರಲ್ಲಿ ಅವನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯಲು ಹತ್ತಿರಹತ್ತಿರ 24,000 ಕಾರ್ಡುಗಳು ಬೇಕಾದವು. ಕಂಪ್ಯೂಟರಿನ ಮೊದಲ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ ಆ ಚಿತ್ರದ ಒಂದು ಪ್ರತಿಯನ್ನು ತನ್ನ ಮನೆಯಲ್ಲಿಟ್ಟುಕೊಂಡಿದ್ದ. ತನ್ನ ಲೆಕ್ಕದ ಯಂತ್ರಕ್ಕೂ ಅಂಥವೇ ಕಾರ್ಡುಗಳನ್ನು ಆರಿಸಿದ್ದ. ಒಂದು ಮಗ್ಗದ ಹುಕ್ಕುಗಳ ಎಣಿಕೆ ನೋಡಿ ಚುಚ್ಚಿದ ಕಾರ್ಡು ಬೇರೆ ಎಣಿಕೆಯ ಮಗ್ಗಕ್ಕೆ ಕೂರುವುದಿಲ್ಲ. ಪ್ರೊಸೆಸರ್ ನೋಡಿ ಕಟ್ಟಿದ ಕರ್ನಲ್ಲಿನ ಕಥೆಯೂ ಹಾಗೆಯೇ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಆಯ್ಕೆಗಳ ಎಣಿಕೆಯಲ್ಲ. ಕರ್ನಲ್ಲಿನ ಆ ಪಟ್ಟಿಯಲ್ಲಿ ಪ್ರೊಸೆಸರಿಗೆ ಸಂಬಂಧಿಸಿದ ಕೆಲವೇ ಸಾಲುಗಳಿವೆ. ಅವುಗಳಲ್ಲಿ ಒಂದು ಅಂಕಿ ಬದಲಾದರೆ ಅದು ಏನೇನನ್ನು ಗುಣಿಸುತ್ತದೆ ಎಂಬುದು ನಿಜವಾದ ಬೆರಗು.

ಗಡಿಯಾರದ ಸಾಲನ್ನೇ ನೋಡಿ. ಕರ್ನಲ್ ಸೆಕೆಂಡಿಗೆ ಎಷ್ಟು ಸಲ ಎಚ್ಚೆತ್ತು 'ಈಗ ಯಾರ ಸರದಿ' ಎಂದು ನೋಡಬೇಕು? ಎಕ್ಸ್86ರಲ್ಲಿ ಇದಕ್ಕಿರುವ ಉತ್ತರಗಳು ನಾಲ್ಕೇ: 100, 250, 300, 1000. 250 ಎಂದರೆ 4 ಮಿಲಿಸೆಕೆಂಡಿಗೊಮ್ಮೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಆದರೆ ಆ 4 ಮಿಲಿಸೆಕೆಂಡಿನಲ್ಲಿ ಬೆಳಕು 1,200 ಕಿ.ಮೀ. ಓಡುತ್ತದೆ: ಸೊಲ್ಲಾಪುರದಿಂದ ನೆಟ್ಟಗೆ ಬೆಂಗಳೂರಿಗೆ ಹೋಗಿ ಮರಳಿ ಬರಲು ಸಾಕು. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿ.ಮೀ. ದೂರವನ್ನು ಬೆಳಕು ದಾಟುವಷ್ಟರಲ್ಲಿ 3 ಗಿಗಾಹರ್ಟ್ಸ್ ಪ್ರೊಸೆಸರಿನ ಗಡಿಯಾರ 4 ಲಕ್ಷ ಸಲ ಮಿಡಿದಿರುತ್ತದೆ. ಹಾಗಾಗಿ ಕರ್ನಲ್ಲಿನ ಎರಡು ಎಚ್ಚರಗಳ ನಡುವಿನ 4 ಮಿಲಿಸೆಕೆಂಡು ಪ್ರೊಸೆಸರಿನ ಪಾಲಿಗೆ 1.2 ಕೋಟಿ ಮಿಡಿತಗಳ ದೀರ್ಘ ಕಾಲ.

ಈಗ ಆ ಅಂಕಿಯನ್ನು 1000 ಮಾಡಿ. ಪ್ರೊಸೆಸರಿನ ಒಂದು ಕೋರಿಗೆ ದಿನಕ್ಕೆ 2.16 ಕೋಟಿ ಎಚ್ಚರಗಳಿದ್ದದ್ದು 8.64 ಕೋಟಿಯಾಗುತ್ತದೆ. ಎಂಟು ಕೋರಿಗೆ 69 ಕೋಟಿ ಮೀರುತ್ತದೆ. ಬೆರಳು ಮುಟ್ಟಿದ ಕೂಡಲೇ ಪರದೆ ಸ್ಪಂದಿಸಬೇಕೆಂದರೆ ದೊಡ್ಡ ಅಂಕಿ ಒಳ್ಳೆಯದು. ವಿದ್ಯುತ್ ಉಳಿಯಬೇಕು, ಲೆಕ್ಕ ಅಡೆತಡೆಯಿಲ್ಲದೆ ಸಾಗಬೇಕು ಎಂದರೆ ಚಿಕ್ಕದು. ತಜ್ಞರೂ ಇಲ್ಲಿ ಹಿಂದೆ ಮುಂದೆ ಹೋಗಿದ್ದಾರೆ. ಮೊದಲು 100 ಇತ್ತು. 2.6ನೆಯ ಸರಣಿಯಲ್ಲಿ 1000 ಆಯಿತು. 2005ರಲ್ಲಿ 250ಕ್ಕೆ ಇಳಿಯಿತು. 2007ರಲ್ಲಿ ಸುಮ್ಮನಿರುವ ಕೋರನ್ನು ಎಬ್ಬಿಸದೆ ಮಲಗಲು ಬಿಡುವ ಏರ್ಪಾಡು ಬಂತು. ಇವತ್ತಿನ ಲ್ಯಾಪ್‌ಟಾಪಿನ ಬ್ಯಾಟರಿ ಗಂಟೆಗಟ್ಟಲೆ ಬರುವುದರಲ್ಲಿ ಅದರ ಪಾಲು ದೊಡ್ಡದು. 2024ರಲ್ಲಿ ಲಿನಕ್ಸ್ ಆಧಾರಿತ ಉಬುಂಟು ವ್ಯವಸ್ಥೆಯ ತಂಡ ತನ್ನ ಕರ್ನಲ್ಲಿನಲ್ಲಿ 250ನ್ನು ಮತ್ತೆ 1000 ಮಾಡಿತು. ಒಂದು ಕಡತದಲ್ಲಿ ಒಂದು ಅಂಕಿ ತಿದ್ದಿದ್ದಕ್ಕೆ ಜಗತ್ತಿನ ಲೆಕ್ಕವಿಲ್ಲದಷ್ಟು ಯಂತ್ರಗಳ ನಾಡಿಮಿಡಿತ ನಾಲ್ಕು ಪಟ್ಟಾಯಿತು.

ಮೆಮರಿಯ ಸಾಲು ಇನ್ನೂ ಸೊಗಸು. ಕರ್ನಲ್ ಮೆಮರಿಯನ್ನು ಪುಟಗಳಾಗಿ ಕತ್ತರಿಸಿ ಹಂಚುತ್ತದೆ. ಫೋನುಗಳಲ್ಲಿರುವ 64 ಬಿಟ್‌ನ ಆರ್ಮ್ ಪ್ರೊಸೆಸರುಗಳಲ್ಲಿ ಪುಟದ ಅಳತೆ 4, 16, 64 ಕಿಲೋಬೈಟ್ ಎಂದು ಮೂರು ಬಗೆ. ಚಿಪ್ಪು ಯಾವುದನ್ನು ಒಪ್ಪುತ್ತದೋ ಅದರೊಳಗೆ ಆರಿಸಬೇಕು. 8 ಗಿಗಾಬೈಟ್ ಮೆಮರಿಯ ಫೋನಿನಲ್ಲಿ 4 ಕಿಲೋಬೈಟಿನ ಪುಟ ಆರಿಸಿದರೆ 20,97,152 ಪುಟಗಳು. ಪ್ರತಿ ಪುಟ ಯಾರ ಕೈಯಲ್ಲಿದೆ, ಖಾಲಿಯೋ ತುಂಬಿದೆಯೋ ಎಂದು ಬರೆದಿಡಲು ಕರ್ನಲ್ 64 ಬೈಟ್ ಬಳಸುತ್ತದೆ. ಗುಣಿಸಿದರೆ 128 ಮೆಗಾಬೈಟ್. ಒಂದು ಫೋಟೋ ತೆಗೆಯುವ ಮೊದಲೇ, ಒಂದು ಹಾಡು ಕೇಳುವ ಮೊದಲೇ, ಬರೀ ಲೆಕ್ಕದ ವಹಿಗೆ ಹೋದ ಮೆಮರಿ ಇದು. 64 ಕಿಲೋಬೈಟಿನ ಪುಟ ಆರಿಸಿದರೆ ವಹಿ 8 ಮೆಗಾಬೈಟಿಗೆ ಇಳಿಯುತ್ತದೆ. ಹಾಗಾದರೆ ಎಲ್ಲರೂ ಅದನ್ನೇ ಏಕೆ ಆರಿಸುವುದಿಲ್ಲ? ಒಂದು ಕಿಲೋಬೈಟಿನ ಪುಟ್ಟ ಕಡತ ತೆರೆದರೂ 64 ಕಿಲೋಬೈಟ್ ಇಡೀ ಅದಕ್ಕೇ ಮೀಸಲಾಗುತ್ತದೆ. ಅಂಥ ಸಾವಿರಾರು ಕಡತಗಳಿದ್ದರೆ ಉಳಿಸಿದ್ದೆಲ್ಲ ಅಲ್ಲೇ ಸೋರಿಹೋಗುತ್ತದೆ.

ಎಷ್ಟು ಪ್ರೊಸೆಸರುಗಳಿಗೆ ಜಾಗ ಇಡಬೇಕು ಎಂಬುದಕ್ಕೂ ಒಂದು ಸಾಲಿದೆ. ಎಕ್ಸ್86-64ರಲ್ಲಿ ಗರಿಷ್ಠ 8,192. ಪ್ರತಿ ಪ್ರೊಸೆಸರಿಗೆ ಕರ್ನಲ್ ಸುಮಾರು 8 ಕಿಲೋಬೈಟ್ ದಪ್ಪವಾಗುತ್ತದೆಂದು ಅಲ್ಲಿನ ಸಹಾಯದ ಟಿಪ್ಪಣಿ ಎಚ್ಚರಿಸುತ್ತದೆ. ಅದನ್ನೇ ನೇರ ಗುಣಿಸಿದರೆ 64 ಮೆಗಾಬೈಟ್. ವಿಳಾಸದ ಲೆಕ್ಕ ಇನ್ನೂ ದೂರ ಹೋಗುತ್ತದೆ. 32 ಬಿಟ್‌ನ ಕರ್ನಲ್ ಒಂದು ಕೆಲಸಕ್ಕೆ ತೋರಿಸಬಲ್ಲ ಮೆಮರಿಯ ವಿಳಾಸಗಳು 4 ಗಿಗಾಬೈಟಿನಷ್ಟು. 2017ರಲ್ಲಿ ಬಂದ ಐದು ಹಂತದ ಪುಟಪಟ್ಟಿಯ ಆಯ್ಕೆಗೆ 'ಬೇಕು' ಎಂದರೆ, ಅದಕ್ಕೆ ಒಗ್ಗುವ ಚಿಪ್ಪಿನಲ್ಲಿ ವಿಳಾಸ 57 ಬಿಟ್ ಉದ್ದವಾಗುತ್ತಿತ್ತು. ಅಂದರೆ 3,35,54,432 ಪಟ್ಟು.

ಹಳೆಯ ಚಿಪ್ಪುಗಳನ್ನು ಕೈಬಿಡುವುದೂ ಈ ಪಟ್ಟಿಯಲ್ಲೇ ನಡೆಯುವ ಕೆಲಸ. ಲಿನಕ್ಸ್ ಹುಟ್ಟಿದ್ದೇ ಇಂಟೆಲ್ 386ರ ಮೇಲೆ. 1985ರ ಆ ಚಿಪ್ಪಿನಲ್ಲಿ 2.75 ಲಕ್ಷ ಟ್ರಾನ್ಸಿಸ್ಟರುಗಳು. 2020ರ ಆಪಲ್ ಎಂ1ರಲ್ಲಿ 1,600 ಕೋಟಿ, ಅಂದರೆ 58,000 ಪಟ್ಟು. ಮುಂದಿನ ಚಿಪ್ಪುಗಳಲ್ಲಿ ಬಂದ ಕೆಲವು ಮೂಲ ಆದೇಶಗಳು 386ಕ್ಕೆ ಗೊತ್ತಿರಲಿಲ್ಲ. ಅದೊಂದಕ್ಕಾಗಿ ಅಡ್ಡದಾರಿಗಳನ್ನು ಉಳಿಸಿಕೊಂಡು ಬರಬೇಕಿತ್ತು. 2012ರ ಕೊನೆಗೆ, 3.8ನೆಯ ಆವೃತ್ತಿಗಾಗಿ, ಆ ಆಯ್ಕೆಯನ್ನು ಪಟ್ಟಿಯಿಂದ ತೆಗೆದರು. 2018ರ 4.17ನೆಯ ಆವೃತ್ತಿಯಲ್ಲಿ ಒಮ್ಮೆಗೇ ಎಂಟು ಪ್ರೊಸೆಸರ್ ಕುಟುಂಬಗಳು ಹೋದವು, ಜೊತೆಗೆ ಐದು ಲಕ್ಷದ ಸಮೀಪ ಸಾಲುಗಳೂ. ಅದೇ ವರ್ಷದ ಜನವರಿಯಲ್ಲಿ ರಿಸ್ಕ್-ಫೈವ್ ಒಳಗೆ ಬಂದಿತ್ತು. ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕಿನ ವೇಗ ಪ್ರೊಸೆಸರುಗಳು ಆ ಕುಟುಂಬದವು. ನಮ್ಮ ನೆಲದಲ್ಲೇ ರೂಪಿಸಿದ ಚಿಪ್ಪಿಗೆ ಜಗತ್ತಿನ ಕರ್ನಲ್ಲಿನಲ್ಲಿ ಬಾಗಿಲು ತೆರೆದಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಚಿಪ್ಪಿಗೆ ಒಗ್ಗುವಂತೆ ಲಿನಕ್ಸ್ ಕಟ್ಟುವ ಕೆಲಸ ಕನ್ನಡನಾಡಿನಲ್ಲಿ ಬಹಳ ಮೊದಲೇ ನಡೆದಿತ್ತು. ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಬೆಂಗಳೂರಿನ ಎನ್ಕೋರ್ ಸಾಫ್ಟ್‌ವೇರ್ ಜೊತೆಗೂಡಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿದರು. ಓದು ಬಾರದವರಿಗೂ ಅವರ ಭಾಷೆಯಲ್ಲೇ ಮಾತಾಡಿ ತಿಳಿಸಬೇಕೆಂಬುದು ಅದರ ಆಸೆ. ಅದರೊಳಗೆ 206 ಮೆಗಾಹರ್ಟ್ಸಿನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಮೊದಲ ಮಾದರಿಯಲ್ಲಿ 32 ಮೆಗಾಬೈಟ್ ಮೆಮರಿ, ಮೇಲೆ ಲಿನಕ್ಸ್. ಆ ಚಿಪ್ಪಿಗೆ ದಶಮಾಂಶದ ಲೆಕ್ಕ ಮಾಡುವ ಅಂಗವೇ ಇರಲಿಲ್ಲ. ಅಂಥ ಚಿಪ್ಪುಗಳಿಗಾಗಿ ಕರ್ನಲ್ ಪಟ್ಟಿಯಲ್ಲಿ ಬೇರೆಯೇ ಒಂದು ಆಯ್ಕೆ ಇದೆ: ಇಲ್ಲದ ಅಂಗದ ಕೆಲಸವನ್ನು ಸಾಫ್ಟ್‌ವೇರಿನಲ್ಲಿ ನಿಭಾಯಿಸು ಎಂದು. ಅದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಬಂತು. ಅದು ಸೆಕೆಂಡಿಗೆ 3.3 ಪೆಟಾಫ್ಲಾಪ್, ಅಂದರೆ ದಶಮಾಂಶದ 33 ಕೋಟಿ ಕೋಟಿಯಷ್ಟು ಲೆಕ್ಕ ಮಾಡುವ ಸಾಮರ್ಥ್ಯದ್ದು. ಅಲ್ಲೂ ಲಿನಕ್ಸೇ. ಒಂದಕ್ಕೆ ದಶಮಾಂಶವೇ ಬಾರದು, ಇನ್ನೊಂದರ ಬದುಕೇ ದಶಮಾಂಶ.

ಇಷ್ಟು ಜೋಡಣೆಗಳಲ್ಲಿ ಎಷ್ಟನ್ನು ಯಾರಾದರೂ ಕಟ್ಟಿ ನೋಡಿದ್ದಾರೆ? ಫ್ರಾನ್ಸಿನ ರೆನ್ ನಗರದ ಸಂಶೋಧಕರು 4.13ನೆಯ ಆವೃತ್ತಿಯ ಆಯ್ಕೆಗಳನ್ನು ಯಾದೃಚ್ಛಿಕವಾಗಿ ಬದಲಿಸುತ್ತ 95,000ಕ್ಕೂ ಹೆಚ್ಚು ಕರ್ನಲ್ಲುಗಳನ್ನು ಕಟ್ಟಿಸಿದರು. ಕಂಪ್ಯೂಟರುಗಳು ದುಡಿದದ್ದು 15,000 ಗಂಟೆ. ಒಂದೇ ಮೂಲ ಕೋಡಿನಿಂದ ಹುಟ್ಟಿದ ಕಡತಗಳಲ್ಲಿ ತೀರಾ ಚಿಕ್ಕದು 7 ಮೆಗಾಬೈಟ್, ತೀರಾ ದೊಡ್ಡದು 1,700 ಮೆಗಾಬೈಟಿನ ಹತ್ತಿರ. ಸಿಂಪ್ಯೂಟರಿನ ಇಡೀ ಮೆಮರಿಯ ಐವತ್ತು ಪಟ್ಟಿಗಿಂತ ಹೆಚ್ಚು. ಅಷ್ಟು ಶ್ರಮಪಟ್ಟು ಅವರು ನೋಡಿದ್ದು 2,710 ಅಂಕಿಗಳ ಆ ಕಡಲಿನಲ್ಲಿ ಐದಂಕಿಯಷ್ಟು ಹನಿಗಳನ್ನು.

ಆದರೂ ಸೊಲ್ಲಾಪುರದ ಯಾವುದೋ ಎಂಜಿನಿಯರಿಂಗ್ ಕಾಲೇಜಿನ ಹುಡುಗಿಯೊಬ್ಬಳು ಒಂದು ಮಧ್ಯಾಹ್ನ ಕೂತು ಕರ್ನಲ್ ಕಟ್ಟಬಲ್ಲಳು. ಪ್ರತಿ ಆಯ್ಕೆಗೂ ಹಿಂದಿನವರು ಯೋಚಿಸಿ ಒಂದು ಮೂಲ ಉತ್ತರ ಇಟ್ಟಿದ್ದಾರೆ; ಎಕ್ಸ್86-64ಕ್ಕೆ ಸಿದ್ಧವಿರುವ ಮೂಲ ಕಾನ್ಫಿಗ್ ಕಡತ ಕೆಲವೇ ನೂರು ಸಾಲಿನದು, ಉಳಿದ ಸಾವಿರಾರು ಉತ್ತರಗಳು ತಾವಾಗಿ ತುಂಬಿಕೊಳ್ಳುತ್ತವೆ. ಅವಳು ತನ್ನ ಯಂತ್ರದ ಪ್ರೊಸೆಸರ್ ಯಾವುದೆಂದು ನೋಡಿಕೊಂಡು ಹತ್ತಾರು ಸಾಲು ತಿದ್ದಿದರೆ ಸಾಕು.

ಕಟ್ಟುವವರೆಗೆ ಹೋಗಬೇಕೆಂದೂ ಇಲ್ಲ. ಉಬುಂಟು ಹಾಕಿದ ಕಂಪ್ಯೂಟರ್ ಇದ್ದರೆ ಅದರ 'ಬೂಟ್' ಫೋಲ್ಡರಿನಲ್ಲಿ 'ಕಾನ್ಫಿಗ್' ಎಂದು ಆರಂಭವಾಗುವ ಕಡತವನ್ನು ತೆರೆಯಿರಿ. ಹತ್ತು ಸಾವಿರಕ್ಕೂ ಹೆಚ್ಚು ಸಾಲುಗಳ ಸಾದಾ ಪಠ್ಯ ಅದು, ಯಾರು ಬೇಕಾದರೂ ಓದಬಹುದು. 'ಎನ್‌ಆರ್_ಸಿಪಿಯುಸ್' ಎಂಬ ಸಾಲನ್ನು ಹುಡುಕಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದು ನಾಲ್ಕೇ ಕೋರು ಇರಬಹುದು. ಆ ಸಾಲಿನ ಮುಂದೆ 8192 ಎಂದಿರುತ್ತದೆ.