ಅಪ್ಪ ಬಂದ ಮೇಲೆ

ಮುಂಬಯಿಯ ಜೋಗೇಶ್ವರಿ ಪೂರ್ವದಲ್ಲಿ ಸಿನಿಮಾ ಎಂದರೆ ಮೊದಲು ನೆನಪಾಗುವುದು ಕಮಲ್ ಅಮ್ರೋಹಿ ಕಟ್ಟಿದ ಕಮಾಲಿಸ್ತಾನ್ ಸ್ಟುಡಿಯೋ. ಅಮ್ರೋಹಿಯವರ ‘ಪಾಕೀಜಾ’ (1972) ಚಿತ್ರದಲ್ಲಿ ತಂದೆಯನ್ನೇ ಕಾಣದೆ ಬೆಳೆದ ಮಗಳಿಗೆ ಕೊನೆಗೂ ತಂದೆ ಸಿಗುತ್ತಾನೆ. ಐದು ವರ್ಷಗಳ ಬಳಿಕ ಮುಂಬಯಿ ಕನ್ನಡಿಗರೊಬ್ಬರು ನಿರ್ಮಿಸಿದ ಕಪ್ಪು–ಬಿಳುಪಿನ ಚಿತ್ರವೊಂದರಲ್ಲೂ ಕೊನೆಗೆ ತಂದೆ ಬರುತ್ತಾನೆ. ಆದರೆ ಅಲ್ಲಿ ನಮಗೆ ಸಂಕಟವಾಗುವುದೇ ಅವನು ಬಂದಾಗ.

ಅದು 1977ರ ‘ಘಟಶ್ರಾದ್ಧ’. ಹಣ ಹಾಕಿದವರು ಮುಲ್ಕಿ ಮೂಲದ ರಂಗಕರ್ಮಿ ಸದಾನಂದ ಸುವರ್ಣ. ಕಥೆ ಯು. ಆರ್. ಅನಂತಮೂರ್ತಿ ಅವರದು. ಪುಣೆಯಲ್ಲಿ ಸಿನಿಮಾ ಕಲಿತು ಬಂದ ಗಿರೀಶ ಕಾಸರವಳ್ಳಿ ಅವರಿಗೆ ಅದು ಮೊದಲ ಚಿತ್ರ. ಆ ವರ್ಷದ ಸ್ವರ್ಣಕಮಲ ಅದಕ್ಕೇ ಬಂತು; ಕಥೆಯ ಬಾಲಕ ನಾಣಿಯ ಪಾತ್ರ ಮಾಡಿದ ಹುಡುಗ ಅಜಿತ್ ಕುಮಾರ್‌ಗೂ ರಾಷ್ಟ್ರಪ್ರಶಸ್ತಿ.

ಹಳೆಯ ಕಾಲದ ಮಲೆನಾಡು. ವೇದ ಕಲಿಯಲೆಂದು ಅಪ್ಪ ನಾಣಿಯನ್ನು ಉಡುಪರ ಪಾಠಶಾಲೆಯಲ್ಲಿ ಬಿಟ್ಟು ಹೋಗುತ್ತಾನೆ. ದೊಡ್ಡ ಹುಡುಗರ ಕಾಟ, ಮನೆಯ ಹಂಬಲ. ಆಸರೆಯೆಂದರೆ ಉಡುಪರ ವಿಧವೆ ಮಗಳು ಯಮುನಕ್ಕ ಮಾತ್ರ. ಉಡುಪರೂ ಊರು ಬಿಟ್ಟು ಹೊರಟಾಗ ಆ ಮನೆಯಲ್ಲಿ ಹಿರಿಯರೇ ಇಲ್ಲ. ಯಮುನಕ್ಕ ಬಸಿರಾದ ಗುಟ್ಟನ್ನು ಹೊರುವ ಪಾಡು ಏನೂ ಅರಿಯದ ಹುಡುಗನದು. ಕತ್ತಲಲ್ಲಿ, ಕಾಡಿನಲ್ಲಿ ಅವಳ ಬೆನ್ನಿಗೆ ನಿಲ್ಲುವವನು ಅವನೊಬ್ಬನೇ.

ಆಮೇಲೆ ಅಪ್ಪಂದಿರು ಮರಳುತ್ತಾರೆ. ಒಬ್ಬ, ಬದುಕಿರುವ ಮಗಳ ಶ್ರಾದ್ಧ ಮಾಡಿ, ಮುದಿವಯಸ್ಸಿನಲ್ಲಿ ತಾನೇ ಮದುವೆಗೆ ಸಿದ್ಧನಾಗುತ್ತಾನೆ. ಇನ್ನೊಬ್ಬ ನಾಣಿಯ ಕೈಹಿಡಿದು ಊರಿಗೆ ನಡೆಸುತ್ತಾನೆ. ದಾರಿಯಲ್ಲಿ ತಲೆ ಬೋಳಿಸಿದ ಯಮುನಕ್ಕ ಮರದಡಿ ಕೂತಿದ್ದಾಳೆ. ವಿಧವೆಯ ಮೇಲಿನ ಕ್ರೌರ್ಯದ ಬಗ್ಗೆ ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ನನ್ನನ್ನು ಕಾಡುವುದು ಮಗನನ್ನು ಕರೆದೊಯ್ಯಲು ಬಂದ ಆ ತಂದೆ. ಕೆಟ್ಟವನೇನಲ್ಲ, ಮಗನ ಒಳಿತಿಗೇ ಬಂದವನು. ಆದರೆ ತಾನಿಲ್ಲದಾಗ ಮಗ ಯಾರನ್ನು ನಂಬಿ ಬದುಕಿದ ಎಂದು ಅವನು ಕೇಳುವುದೇ ಇಲ್ಲ.

ಮುಂಬಯಿ ಉಪನಗರದ ತುಳು–ಕನ್ನಡ ಮನೆಗಳಿಗೆ ಇಂಥ ಅಪ್ಪ ಹೊಸಬನಲ್ಲ. ಹೋಟೆಲಿನಲ್ಲಿ ದುಡಿಯುವ ಅಪ್ಪ, ಊರಲ್ಲಿ ಅಜ್ಜಿಮನೆಯ ಮಗ, ನಡುವೆ ಮನಿ ಆರ್ಡರ್. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡುವವರೆಗೂ ಊರೆಂದರೆ ಇಡೀ ರಾತ್ರಿಯ ಬಸ್ಸು. ಇಷ್ಟಾಗಿಯೂ ಈ ಚಿತ್ರವನ್ನು ನಾವು ಮಲೆನಾಡಿನ ಅಗ್ರಹಾರದ ಕಥೆಯೆಂದೇ ದೂರವಿಟ್ಟೆವು.

ಮುಂಬಯಿಯದೇ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುತುವರ್ಜಿಯಲ್ಲಿ ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ವೆನಿಸ್ ನೋಡಿಯಾಯಿತು. ಇನ್ನು ಜೋಗೇಶ್ವರಿಯಲ್ಲೂ ಒಂದು ಪ್ರದರ್ಶನವಾಗಲಿ. ಹೋಟೆಲಿಗೆ ರಜೆಯಿರುವ ದಿನ ನೋಡಿ ಇಟ್ಟರೆ ಅಪ್ಪಂದಿರೂ ಬರಬಹುದು.