ಹಳೆಯ ಮೋಟಾರೂ ಅದರ ಕ್ಲಚ್ಚಿನ ಕಾಯಿಲೆಯೂ

ಕಳೆದ ಮಳೆಗಾಲವು ಹಿಂದೆಗೆಯುತ್ತಿದ್ದ ದಿನಗಳಲ್ಲಿ ಒಂದು ಪ್ರಾತಃಕಾಲ ನಾವು ತೀರ್ಥರೂಪರನ್ನು ಕುಳ್ಳಿರಿಸಿಕೊಂಡು ಶಿವಮೊಗ್ಗದಿಂದ ಭದ್ರಾವತಿಗೆ ಹೊರಟೆವು. ದೂರವೇನೂ ಹೆಚ್ಚಲ್ಲ, ಇಪ್ಪತ್ತು ಕಿಲೋಮೀಟರಿನ ಸುಮಾರು. ಅಲ್ಲಿ ಹಾಸಿಗೆ ಹಿಡಿದು ಈಗಷ್ಟೇ ಎದ್ದು ಕೂತಿದ್ದ ನಮ್ಮ ಸೋದರತ್ತೆಯವರು ತಮ್ಮನನ್ನು ನೋಡಬೇಕೆಂದು ಹೇಳಿಕಳುಹಿಸಿದ್ದರು. ತೀರ್ಥರೂಪರಾದರೋ, ಹೋಗುವುದಾದರೆ ತಮ್ಮ ಹಳೆಯ ಎಂ.ಜಿ.ಬಿ. ಗಾಡಿಯಲ್ಲೇ ಹೋಗುವುದೆಂದು ಹಟ ಹಿಡಿದರು. ಇಬ್ಬರೇ ಕೂರತಕ್ಕ ಈ ಇಂಗ್ಲಿಷ್ ಓಟದ ಗಾಡಿಯು ೧೯೬೨ರಿಂದ ೧೯೮೦ರವರೆಗೆ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ ಐದು ಲಕ್ಷಕ್ಕೂ ಮಿಕ್ಕು ತಯಾರಾಯಿತು.

ತುಂಗೆಯ ಸೇತುವೆಯ ಮೇಲೆ ಜನಸಂದಣಿಗಾಗಿ ನಿಂತೆವು. ಪುನಃ ಹೊರಡಲು ಕ್ಲಚ್ಚನ್ನು ಪೂರ್ತಿ ತುಳಿದರೂ ಗೇರು ಬೀಳಲೊಲ್ಲದು. ಬಲವಂತ ಮಾಡಿದರೆ ಕರಕರನೆ ಹಲ್ಲು ಕಡಿಯುವ ಶಬ್ದ. ಹಿಂದಿನ ಬಸ್ಸಿನವನು ಕೊಂಬೂದಿದ ಬಗೆಯನ್ನು ಇಲ್ಲಿ ವರ್ಣಿಸುವುದು ಬೇಡ. ದಾರಿಹೋಕರ ಕೈಯಿಂದ ತಳ್ಳಿಸಿಕೊಂಡು ಮನೆಗೆ ಹಿಂದಿರುಗಿದೆವು.

ಮರುದಿನ ಬಂದ ಮಿಸ್ತ್ರಿಯು ಒಂದೇ ಮಾತಿನಲ್ಲಿ ತೀರ್ಪುಕೊಟ್ಟನು: ಕ್ಲಚ್ಚಿನ ತಟ್ಟೆಯೇ ಹೋಗಿದೆ, ಎಂಜಿನ್ ಇಳಿಸಬೇಕು. ಈ ಗಾಡಿಯಲ್ಲಿ ಎಂಜಿನ್ನನ್ನು ಹೊರಗೆತ್ತದೆ ಕ್ಲಚ್ಚನ್ನು ಮುಟ್ಟುವಂತಿಲ್ಲವೆಂಬುದು ನಿಜ. ಖರ್ಚನ್ನು ಕೇಳಿದ ನಮ್ಮ ಅಣ್ಣನವರು, ಇನ್ನು ಇದನ್ನು ಮಾರಿಬಿಡುವುದೇ ಲೇಸೆಂದರು. ತೀರ್ಥರೂಪರು ಏನೂ ಹೇಳಲಿಲ್ಲ. ಆ ಮೌನವೇ ನಮ್ಮನ್ನು ಹೆಚ್ಚಾಗಿ ಬಾಧಿಸಿತು.

ಇಲ್ಲಿ ಈ ಯಂತ್ರದ ಮರ್ಮವನ್ನು ಸ್ವಲ್ಪ ಹೇಳಬೇಕು. ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಹಿಡಿದ ಕೈಯಂತಿರುವುದೇ ಕ್ಲಚ್ಚು. ಪೆಡಲನ್ನು ತುಳಿದಾಗ ಆ ಹಿಡಿತ ಬಿಡಬೇಕು. ಕೆಲವು ಗಾಡಿಗಳಲ್ಲಿ ಈ ಕೆಲಸವನ್ನು ತಂತಿಯು ಮಾಡಿದರೆ, ಇದರಲ್ಲಿ ದ್ರವವು ಮಾಡುವುದು. ಪೆಡಲಿಗೆ ಸೇರಿದ ಸಲಾಕೆಯು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ನೂಕುವುದು. ಒತ್ತಲ್ಪಟ್ಟ ದ್ರವವು ನಳಿಕೆಯ ಮೂಲಕ ಹರಿದು ಕೆಳಗಿನ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ನೂಕುವುದು. ಅದು ಕವಲುಗೋಲನ್ನು ಒತ್ತಿ ಹಿಡಿತವನ್ನು ಬಿಡಿಸುವುದು. ಮುಚ್ಚಿದ ದ್ರವದಲ್ಲಿ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ತೋರಿಸಿದ ತತ್ತ್ವವೇ ಇದು. ಕೊನೆಯಲ್ಲಿ ಸಲಾಕೆಯು ಚಲಿಸುವುದು ಅರ್ಧ ಅಂಗುಲದಷ್ಟು ಮಾತ್ರ. ಇಷ್ಟರಲ್ಲೇ ಕೊಂಚ ಕಳೆದುಹೋದರೂ ಹಿಡಿತ ಪೂರ್ತಿ ಬಿಡದು.

ಆ ಸಂಜೆ ತೀರ್ಥರೂಪರು ಮೌನವನ್ನು ಮುರಿದು, "ಅಳೆದು ನೋಡಿದಿರೇನು?" ಎಂದರು. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಆಯುಸ್ಸು ಸವೆಸಿದ ಇಂಜಿನಿಯರರ ಪ್ರಶ್ನೆ ಅದು. ೧೯೨೩ರಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಕಾಡಿನ ಇದ್ದಲಿನಿಂದ ಕರಗಿಸಿ ಕಬ್ಬಿಣ ತೆಗೆಯತೊಡಗಿದ ಆ ಕಾರ್ಖಾನೆಯ ಹಳಬರಿಗೆ, ಅಳೆಯದೆ ಆಡಿದ ಮಾತಿನಲ್ಲಿ ನಂಬಿಕೆಯಿಲ್ಲ. ನಾವು ಗಾಡಿಯ ಕೆಳಗೆ ಮಲಗಿ ಗೆರೆಕೋಲು ಹಿಡಿದೆವು. ಅವರು ಮೇಲಿನಿಂದ ಪೆಡಲು ತುಳಿದರು. ಸಲಾಕೆಯು ಕಾಲು ಅಂಗುಲವನ್ನು ಸ್ವಲ್ಪವೇ ಮೀರಿತು. ಅಂದಮೇಲೆ ತಟ್ಟೆಯನ್ನು ದೂರಿ ಫಲವಿಲ್ಲ. ನಷ್ಟವು ಅದಕ್ಕಿಂತ ಮೊದಲೇ ಆಗುತ್ತಿದೆ!

ದ್ರವದ ಡಬ್ಬಿ ತುಂಬಿತ್ತು. ಸ್ಲೇವ್ ಸಿಲಿಂಡರಿನ ರಬ್ಬರು ಟೋಪಿಯನ್ನು ಎತ್ತಿದರೆ ಒಳಗೆ ಒಣಗಿತ್ತು, ಸೋರಿಕೆಯಿಲ್ಲ. ಪೆಡಲನ್ನು ಹತ್ತು ಬಾರಿ ಬೇಗಬೇಗನೆ ತುಳಿದರೂ ಗುಣ ಕಾಣಲಿಲ್ಲ. ಗಾಳಿ ಸೇರಿದ್ದರೆ ಹಾಗೆ ತುಳಿದಾಗ ತುಸು ಬಿಗಿಯಾಗುವುದುಂಟು. ಆದರೂ ಸ್ಕ್ರೂ ಸಡಿಲಿಸಿ ಹಳೆಯ ದ್ರವವನ್ನು ಬಾಟಲಿಗೆ ಇಳಿಸಿದೆವು. ಕಾಫಿಯ ಬಣ್ಣಕ್ಕೆ ತಿರುಗಿತ್ತು. ಬ್ರೇಕಿಗೂ ಬಳಸುವ ಈ ದ್ರವವು ಗಾಳಿಯ ತೇವವನ್ನು ಹೀರುವುದು. ಮಲೆನಾಡಿನ ಮಳೆಗಾಲಗಳನ್ನು ಕಂಡ ಗಾಡಿಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಸಿಲಿಂಡರು ತುಕ್ಕು ಹಿಡಿದು ರಬ್ಬರನ್ನು ಕೆರೆಯುವುದು. ಈ ಅಲಕ್ಷ್ಯವು ನಮ್ಮದೇ. ಕೆಲವರು ಕೈಗೆ ಸಿಕ್ಕ ಎಂಜಿನ್ ಎಣ್ಣೆಯನ್ನೇ ಡಬ್ಬಿಗೆ ಸುರಿಯುವರು. ಅದರಿಂದ ರಬ್ಬರು ಉಬ್ಬಿ ಕೆಡುವುದು. ದ್ರವವು ಬಣ್ಣದ ಮೇಲೆ ಚೆಲ್ಲಿದರೆ ಕೂಡಲೆ ನೀರಿನಿಂದ ತೊಳೆಯಬೇಕು, ಇಲ್ಲವಾದರೆ ಬಣ್ಣವೇ ಏಳುವುದು.

ಹೊಸ ದ್ರವ ತುಂಬಿ ಅಳೆದರೂ ಅಳತೆ ಅಷ್ಟೇ.

ಆಗ ತೀರ್ಥರೂಪರು ಬಾಗಿ, ಪೆಡಲನ್ನು ಕಾಲಿನಿಂದಲ್ಲದೆ ಕೈಬೆರಳಿನಿಂದ ಮೆಲ್ಲನೆ ಒತ್ತಿದರು. ಪೆಡಲು ಒಂದು ಅಂಗುಲದಷ್ಟು ಇಳಿಯಿತು, ಸಲಾಕೆಯು ಅಲುಗಲೇ ಇಲ್ಲ. ಎರಡನ್ನೂ ಕೂಡಿಸುವ ಕಿರುಬೆರಳಿಗಿಂತ ಸಣ್ಣ ಪಿನ್ನನ್ನು ಕಳಚಿ ನೋಡಿದರೆ ಅದರ ನಡು ಸವೆದು ಉಡುಕೆಯಂತಾಗಿತ್ತು. ಪೆಡಲಿನ ತೂತು ಮೊಟ್ಟೆಯಾಕಾರ ತಾಳಿತ್ತು. ಕಾಲಿನ ಶ್ರಮದ ಒಂದು ಪಾಲು ಅಲ್ಲಿಯೇ ವ್ಯರ್ಥವಾಗುತ್ತಿತ್ತು. ಕೆಳಗಿನ ಕವಲುಗೋಲಿನ ಪಿನ್ನೂ ಸವೆದಿತ್ತಾದರೂ ಅಷ್ಟಾಗಿ ಅಲ್ಲ.

ಊರಿನ ಲೇತು ಅಂಗಡಿಯೊಂದರಲ್ಲಿ ತೂತನ್ನು ಬೆಸುಗೆಯಿಂದ ತುಂಬಿಸಿ ಹೊಸದಾಗಿ ಕೊರೆಯಿಸಿದೆವು. ಪಿನ್ನುಗಳು ಅಂಚೆಯಲ್ಲಿ ಬರಲು ಒಂದು ವಾರ ಹಿಡಿಯಿತು. ಜೋಡಿಸಿ ಅಳೆದಾಗ ಅರ್ಧ ಅಂಗುಲ ತುಂಬಿತು. ಗೇರು ಸದ್ದಿಲ್ಲದೆ ಬಿದ್ದಿತು. ಮಾರುವ ಮಾತನ್ನು ಅಣ್ಣನವರು ಮತ್ತೆ ಎತ್ತಲಿಲ್ಲ.

ಭದ್ರಾವತಿಯಲ್ಲಿ ಗಾಡಿಯ ಸದ್ದು ಕೇಳಿ ಸೋದರತ್ತೆಯವರು ಗೋಡೆ ಹಿಡಿದುಕೊಂಡು ತಾವೇ ಬಾಗಿಲಿಗೆ ಬಂದರು. "ಹನ್ನೊಂದು ದಿವಸ ಕಾಯಿಸಿದೆಯಲ್ಲೋ" ಎಂದರು. ತೀರ್ಥರೂಪರು ಉತ್ತರ ಕೊಡುವ ಬದಲು ಜೇಬಿನಿಂದ ಆ ಸವೆದ ಪಿನ್ನನ್ನು ತೆಗೆದು ಅಕ್ಕನ ಅಂಗೈಯಲ್ಲಿಟ್ಟರು.